ಸಣ್ಣಪುಟ್ಟ ರಿಪೇರಿ

ನಮ್ಮ ಹೊಳೆನರಸೀಪುರದಲ್ಲಿ ಯಾರೂ ಮನೆ ಕಟ್ಟುವುದಿಲ್ಲ. ಬೇಕಾದರೆ ಬಂದು ನೋಡಿ. ಬೀದಿ ತುಂಬ ಜಲ್ಲಿ, ಮರಳು ಸುರಿದಿರುತ್ತದೆ, ತಾರಸಿ ಮೇಲೆ ಕಂಬಿ ಎದ್ದು ನಿಂತಿರುತ್ತದೆ. ಏನು ಕೆಲಸ ನಡೆಯುತ್ತಿದೆ ಎಂದು ಕೇಳಿದರೆ ಮನೆಯ ಯಜಮಾನ ಕತ್ತು ಕೆರೆದುಕೊಂಡು, "ಏನಿಲ್ಲ, ಒಸಿ ರಿಪೇರಿ" ಎನ್ನುತ್ತಾನೆ. ಎರಡು ಅಂತಸ್ತು ಎದ್ದರೂ ಅದು ರಿಪೇರಿಯೇ. ಕಟ್ಟುತ್ತಿದ್ದೀವಿ ಎಂದು ಬಾಯಿಬಿಟ್ಟು ಹೇಳಿದರೆ ಕಣ್ಣಾಗುತ್ತದೆ. ಇದನ್ನೆಲ್ಲ ನೋಡಿ ನಗುತ್ತಿದ್ದವಳು ನಾನು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಒಂದು ಪದ ಆಚೀಚೆಯಾದರೆ ಮಕ್ಕಳಿಗೆ ಅರ್ಧ ಅಂಕ ಕತ್ತರಿಸುತ್ತೇನೆ, ಕೇಳಲು ಬಂದ ಅಪ್ಪ ಅಮ್ಮಂದಿರಿಗೂ ಜೋರು ಮಾಡಿ ಕಳಿಸುತ್ತೇನೆ. ಅಂಥ ನಾನೇ, ನನ್ನ ಕೈಯಾರೆ, ವಿಮಾ ಕಂಪನಿಗೆ ಕೊಟ್ಟ ಪತ್ರದಲ್ಲಿ "ಸಣ್ಣಪುಟ್ಟ ರಿಪೇರಿ" ಎಂದು ಬರೆದೆ.

ನಮ್ಮದು ಹಳೇ ಮನೆ. ಮುಂದುಗಡೆ ಮಣ್ಣಿನ ಗೋಡೆಯ ಹೆಂಚಿನ ಹಜಾರ, ಹಿಂದುಗಡೆ ನಮ್ಮ ಮಾವನವರು ಇದ್ದಾಗ ಕಟ್ಟಿಸಿದ ತಾರಸಿ ಕೋಣೆಗಳು. ಹಜಾರವನ್ನು ಪೂರ್ತಿ ಕೆಡವಿ, ಪಿಲ್ಲರ್ ಎಬ್ಬಿಸಿ, ಮೇಲೊಂದು ಮಹಡಿ ಹಾಕಬೇಕೆಂದು ನಾನು ಹಟ ಹಿಡಿದಿದ್ದೆ. ಹಜಾರದ ಬಲಗಡೆ ಗೋಡೆ ನಮ್ಮದೂ ಹೌದು, ಪಕ್ಕದ ಮನೆಯದೂ ಹೌದು. ಜಂಟಿ ಗೋಡೆ. ಅದರ ಆಚೆ ಬದಿಗೆ ಪಕ್ಕದ ಮನೆ ಅಕ್ಕನ ಅಡುಗೆಮನೆ.

ಅಕ್ಕ ಎಂದರೆ ಸಂಬಂಧದಿಂದಲ್ಲ. ನನಗಿಂತ ನಾಲ್ಕು ವರ್ಷ ದೊಡ್ಡವರು, ನಾನು ಮದುವೆಯಾಗಿ ಬಂದ ದಿನದಿಂದ ಹಾಗೆಯೇ ಕರೆದು ರೂಢಿ. ನಮ್ಮದು ರಾಗಿ ಬೆಳೆಯುವ ಮನೆತನ, ಅವರದು ಅರಕಲಗೂಡಿನ ವ್ಯಾಪಾರಸ್ಥರ ಮನೆ. ಗಂಡ ತೀರಿಹೋದ ಮೇಲೆ ಅವರ ಬದುಕು ನಡೆದದ್ದು ಆ ಅಡುಗೆಮನೆಯಿಂದಲೇ. ಬೆಳಿಗ್ಗೆ ವಿಭೂತಿ ಇಟ್ಟು ಲಿಂಗಪೂಜೆ ಮುಗಿಸಿ ಒಲೆ ಹಚ್ಚಿದರೆ, ಹನ್ನೆರಡೂವರೆಯೊಳಗೆ ಬ್ಯಾಂಕಿಗೆ, ತಾಲ್ಲೂಕು ಆಫೀಸಿಗೆ, ಕಾಲೇಜಿಗೆ ಊಟದ ಕ್ಯಾರಿಯರ್‌ಗಳು ಹೊರಡಬೇಕು. ನಾಲ್ಕು ದಿನ ಊಟ ಹೋಗದಿದ್ದರೆ ತಿನ್ನುವವರು ಬೇರೆ ಕಡೆ ಗೊತ್ತುಮಾಡಿಕೊಂಡು ಬಿಡುತ್ತಾರೆ. ಅವರನ್ನು ತಪ್ಪು ಎನ್ನುವ ಹಾಗೂ ಇಲ್ಲ.

ಕೆಲಸ ಶುರುಮಾಡುವ ಮುಂಚೆ ನಮ್ಮವರ ಚಿಕ್ಕಪ್ಪನ ಮಗ ಚನ್ನರಾಯಪಟ್ಟಣದಿಂದ ಬಂದಿದ್ದ. ಅವನು ವಿಮೆ ಏಜೆಂಟ್, ನಮ್ಮ ಮನೆಯ ಪಾಲಿಸಿ ಮಾಡಿಸಿದ್ದೂ ಅವನೇ. ಕಾಫಿ ಕುಡಿಯುತ್ತಾ ಒಂದು ಮಾತು ಹೇಳಿದ.

"ಅತ್ಗೆ, ಪಾಲಿಸಿ ಇರೋದು ಈಗಿರೋ ಮನೆಗೆ. ಕೆಡವಿ ಕಟ್ಟುವಾಗ ಏನಾರ ಆದ್ರೆ ಅದ್ರಲ್ಲಿ ಬರಾಕಿಲ್ಲ. ಎಷ್ಟು ಕೆಡವ್ತೀರಿ, ಎಷ್ಟು ಮ್ಯಾಲೆ ಎತ್ತೀರಿ, ಎಲ್ಲಾನೂ ಒಂದು ಲೆಟ್ರಲ್ಲಿ ಬರ್ಕೊಡಿ. ಅವ್ರು ಅದನ್ನ ಪಾಲಿಸಿಗೆ ಸೇರುಸ್ಕೊತಾರೆ. ಪಕ್ಕದ ಮನೆಯೋರ್ಗೆ ಏನಾರ ತೊಂದ್ರೆ ಆದ್ರೂ ಕಂಪ್ನಿನೇ ನೋಡ್ಕೊತದೆ."

ಅವನು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಗಿತ್ತು. ಅರ್ಥವಾಗಲಿಲ್ಲ ಎಂದು ಇವತ್ತು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

ಅವತ್ತೇ ಸಂಜೆ ಬರೆಯಲು ಕೂತೆ. ಬರೆಯುವಾಗ ಬಾಯಿಬಿಟ್ಟು ಓದಿಕೊಳ್ಳುವುದು ನನ್ನ ಅಭ್ಯಾಸ. "ಮುಂಭಾಗದ ಹಜಾರವನ್ನು ಸಂಪೂರ್ಣವಾಗಿ ಕೆಡವಿ" ಎನ್ನುವಷ್ಟರಲ್ಲಿ ಮೊರದಲ್ಲಿ ರಾಗಿ ಕೇರುತ್ತಿದ್ದ ನಮ್ಮತ್ತೆ ಕೈ ನಿಲ್ಲಿಸಿದರು.

"ಏನವ್ವ ಅದು, ಕೆಡವಿ ಗಿಡವಿ ಅಂತ?"

"ಮಹಡಿ ಕಟ್ತೀವಿ ಅಂತ ವಿಮೆಯವರಿಗೆ ತಿಳಿಸ್ಬೇಕಂತೆ ಅತ್ತೆ."

"ಮಾಳ್ಗೆ ಎತ್ತೀವಿ ಅಂತ ಕಾಗ್ದುದಲ್ಲಿ ಬರ್ದು ಊರೂರು ಸುತ್ತುಸ್ತೀಯಾ? ಕಣ್ಣಾಯ್ತದೆ ಕಣವ್ವ. ರಿಪೇರಿ ಅಂತ ಬರಿ, ಸಾಕು."

"ಅದು ಆಫೀಸಿಗೆ ಹೋಗೋ ಕಾಗದ ಅತ್ತೆ."

"ಆಪೀಸ್ನೋರ್ಗೆ ಕಣ್ಣಿಲ್ವಾ?"

ನಕ್ಕುಬಿಟ್ಟೆ. ನಕ್ಕು, ಆ ಹಾಳೆ ಹರಿದು, ಹೊಸ ಹಾಳೆಯಲ್ಲಿ "ಮನೆಯಲ್ಲಿ ಸಣ್ಣಪುಟ್ಟ ರಿಪೇರಿ ಕೆಲಸ ಕೈಗೊಂಡಿದ್ದೇವೆ" ಎಂದು ಬರೆದೆ. ಎಲ್ಲವನ್ನೂ ಅತ್ತೆಯ ತಲೆಗೆ ಕಟ್ಟುವುದು ಸುಲಭ. ನಿಜ ಏನೆಂದರೆ ನನ್ನೊಳಗೂ ಅಳುಕಿತ್ತು. ಅಷ್ಟು ವರ್ಷ ಆಸೆಪಟ್ಟ ಮಹಡಿ, ಎಲ್ಲಿ ಯಾರ ಬಾಯಿಗೆ ಬಿದ್ದು ಅರ್ಧಕ್ಕೆ ನಿಲ್ಲುತ್ತದೋ ಎಂದು. ನಮ್ಮವರು ಹಾಸನದ ಅಂಗಡಿಯಿಂದ ಬಂದವರು, ಹೆಂಡತಿ ಬರೆದದ್ದು ಎಂಬ ಧೈರ್ಯದಲ್ಲಿ, ಓದದೆ ಸಹಿ ಹಾಕಿದರು. ಏಜೆಂಟೂ ಲಕೋಟೆ ಬಿಚ್ಚದೆ ಆಫೀಸಿಗೆ ಮುಟ್ಟಿಸಿದ.

ಆಷಾಢ ಹತ್ತಿರ ಬರುತ್ತಿತ್ತು. ಆಷಾಢ ಹಿಡಿಯುವುದರೊಳಗೆ ಪಿಲ್ಲರ್ ನಿಂತುಬಿಡಬೇಕೆಂದು ನನ್ನ ಆತುರ. ಹೆಂಚು ಇಳಿಸಿದ್ದಾಯಿತು. ಅದರ ಹಿಂದೆಯೇ ಎರಡು ದಿನ ಮಳೆ ಹಿಡಿಯಿತು. ಮೇಲೆ ಏನೂ ಇಲ್ಲದೆ ನಿಂತಿದ್ದ ಜಂಟಿ ಗೋಡೆ ಚೆನ್ನಾಗಿ ನೆನೆಯಿತು. ಮೂರನೆಯ ದಿನ ಬಿಸಿಲು ಬಂತು. ಬಾಗೂರು ಕಡೆಯ ಮೇಸ್ತ್ರಿ ಗೋಡೆಯ ಬುಡಕ್ಕೆ ಬೆರಳು ಒತ್ತಿ ನೋಡಿ ನನ್ನ ಹತ್ತಿರ ಬಂದ.

"ಅಮ್ಮಾವ್ರೆ, ಮಣ್ಣಿನ್ ಗ್ವಾಡೆ, ನೀರ್ ಕುಡ್ದದೆ. ನಾಕ್ ದಿನ ಒಣುಗ್ಲಿ. ಆಮ್ಯಾಕೆ ಒಂದ್ ಗುಂಡಿ ತಗ್ದು, ಪಿಲ್ಲರ್ ಎಬ್ಬುಸ್ಕೊಂಡು, ಇನ್ನೊಂದ್ ತಗೀಮ."

"ನಾಲ್ಕು ದಿನಕ್ಕೆ ಆಷಾಢ ಬರುತ್ತೆ. ಎರಡೂ ಗುಂಡಿ ಇವತ್ತೇ ತೆಗೀಬೇಕು. ಆಗದಿದ್ರೆ ಹೇಳಪ್ಪ, ಬೇರೆಯವರನ್ನ ಕರೀತೀನಿ."

"ನಂದೇನ್ ಓಯ್ತದೆ ಬುಡಿ," ಎಂದು ಗೊಣಗಿಕೊಂಡು ಅವನು ಎರಡೂ ಗುಂಡಿ ತೆಗೆಸಿದ. ಎರಡೂ ಗೋಡೆಯ ಬುಡಕ್ಕೇ.

ಮಾರನೆಯ ದಿನ ಶನಿವಾರ. ಬೆಳಗಿನ ಕ್ಲಾಸು ಮುಗಿಸಿ ಬಂದು ಹಿಂದಿನ ಕೋಣೆಯಲ್ಲಿ ಸೀರೆ ಬದಲಾಯಿಸುತ್ತಿದ್ದೆ. ಮೂಟೆ ಜಾರಿ ಬಿದ್ದ ಹಾಗೆ ಒಂದು ಸದ್ದಾಯಿತು, ಅಷ್ಟೇ. ಓಡಿ ಬಂದರೆ ಹಜಾರದ ಬಲಗಡೆ ಗೋಡೆ ಇಲ್ಲ. ಗೋಡೆ ಇದ್ದ ಕಡೆ ಧೂಳು, ಧೂಳಿನ ಆಚೆ ಅಕ್ಕನ ಅಡುಗೆಮನೆ ಹಾಗೇ ಕಾಣುತ್ತಿತ್ತು. ಗ್ರೈಂಡರ್ ಮಗುಚಿಬಿದ್ದಿತ್ತು. ಅನ್ನದ ತಪ್ಪಲೆಯ ಮೇಲೆ ಮಣ್ಣಿನ ಹೆಂಟೆ ಕೂತಿತ್ತು. ಅಕ್ಕ ಎಲ್ಲಿದ್ದಾರೆ ಎಂದೇ ಗೊತ್ತಾಗಲಿಲ್ಲ. ಆಮೇಲೆ ಮಣ್ಣಿನ ಗುಡ್ಡೆಯ ಆ ಬದಿಯಿಂದ ಅವರ ದನಿ ಬಂತು.

"ಗ್ಯಾಸ್ ಆಫ್ ಮಾಡ್ರಪ್ಪ ಮೊದ್ಲು."

ಮೇಸ್ತ್ರಿ ಹಾರಿ ಹೋಗಿ ಸಿಲಿಂಡರ್ ಮುಚ್ಚಿದ. ಎಲ್ಲರೂ ಸೇರಿ ಮಣ್ಣು ಎಳೆದೆವು. ತಲೆಗೆ ಏನೂ ಆಗಿರಲಿಲ್ಲ, ದೇವರು ದೊಡ್ಡವನು. ಬಲಗೈ ಮಾತ್ರ ಮೊಣಕೈಯ ಕೆಳಗೆ ಇರಬಾರದ ಕಡೆ ಬಾಗಿತ್ತು. ಹಾಸನಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಎಕ್ಸ್‌ರೇ ನೋಡಿ, ಎರಡು ಕಡೆ ಮುರಿದಿದೆ, ಪ್ಲೇಟ್ ಹಾಕಬೇಕು, ತಿಂಗಳುಗಟ್ಟಲೆ ಭಾರ ಎತ್ತುವ ಹಾಗಿಲ್ಲ ಎಂದರು. ಕಾರಿನಲ್ಲಿ ದಾರಿಯುದ್ದಕ್ಕೂ ಅಕ್ಕ ನನ್ನ ಮೇಲೆ ಒಂದು ಮಾತು ಆಡಿರಲಿಲ್ಲ. ಕ್ಯಾರಿಯರ್ ಕಾಯುತ್ತಿರುವವರಿಗೆ ಫೋನ್ ಮಾಡಿ ಎಂದಷ್ಟೇ ಹೇಳಿದ್ದರು.

ಭಾನುವಾರ ಏಜೆಂಟ್ ಬಂದ. ನಾವು ಕೊಟ್ಟ ಪತ್ರದ ಫೋಟೋವನ್ನು ಆಫೀಸಿನವರಿಂದ ಮೊಬೈಲಿಗೆ ತರಿಸಿಕೊಂಡಿದ್ದ. ಅದನ್ನು ಓದಿ ನನ್ನ ಮುಂದೆ ಹಿಡಿದ.

"ಅತ್ಗೆ, ಇದನ್ನ ನೀವೇ ಬರ್ದಿದ್ದಾ?"

"ಹೂಂ."

"ಎಂಥಾ ಕೆಲ್ಸ ಮಾಡ್ಬುಟ್ರಿ. ಸಣ್ಣ ರಿಪೇರಿ ಅಂದ್ಮೇಲೆ ಅವ್ರು ಏನೂ ಸೇರುಸ್ಕೊಂಡಿಲ್ಲ. ಗುಂಡಿ ತಗ್ದು ಗೋಡೆ ಬಿತ್ತು ಅಂತ ಗೊತ್ತಾದ್ರೆ ನಿಮ್ಗೂ ಬರಾಕಿಲ್ಲ, ಅವ್ರಿಗೂ ಬರಾಕಿಲ್ಲ. ಆ ಅಡ್ಗೆಮನೆ, ಆಸ್ಪತ್ರೆ, ಎಲ್ಲಾ ನಿಮ್ ತಲೆ ಮ್ಯಾಲೆ."

ನಮ್ಮವರು ಕೇಳಿದರು. "ದಾರಿ ಇಲ್ವೇನೋ?"

ಅವನು ಬೀದಿ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಎರಡ್ ದಿನ ಮಳೆ ಬಂದಿತ್ತಲ್ಲಣ್ಣ. ಮಳೆಗೆ ಬಿತ್ತು ಅನ್ನಿ. ಮಳೆ, ಗಾಳಿ ಪಾಲಿಸಿಲೇ ಅದೆ. ನಿಮ್ ಪಾಲಿಂದು ಬತ್ತದೆ."

"ಅಕ್ಕಂಗೆ?" ಎಂದೆ ನಾನು.

"ಮಳೆಗೆ ಬಿದ್ರೆ ಯಾರ ತಪ್ಪೂ ಅಲ್ವಲ್ಲ ಅತ್ಗೆ. ಅವ್ರು ತಮ್ಮ ಮನೆಗೆ ಪಾಲಿಸಿ ಮಾಡ್ಸಿಲ್ಲ. ಅವ್ರಿಗೆ ಯಾರ್ ಕೊಡ್ತಾರೆ?"

ಹಾಗಾದರೆ ಲೆಕ್ಕ ಇಷ್ಟು. ನಿಜ ಹೇಳಿದರೆ ನಾವು ಮುಳುಗುತ್ತೇವೆ, ಸುಳ್ಳು ಹೇಳಿದರೆ ಅಕ್ಕ ಮುಳುಗುತ್ತಾರೆ. ಸುಳ್ಳೂ ಪೂರ್ತಿ ಸುಳ್ಳಲ್ಲ, ಮಳೆ ಬಂದದ್ದು ನಿಜವೇ. ಅದೇ ನನ್ನನ್ನು ಹೆಚ್ಚು ಕೆಡಿಸಿದ್ದು. ಮಳೆ ಬರದೇ ಇದ್ದಿದ್ದರೆ ಗೋಡೆ ನಿಲ್ಲುತ್ತಿತ್ತೋ ಏನೋ ಎಂದು ನನ್ನಷ್ಟಕ್ಕೆ ನಾನೇ ವಾದ ಹೂಡುತ್ತಿದ್ದೆ. ಗೆಲ್ಲುತ್ತಲೂ ಇದ್ದೆ.

ಮಂಗಳವಾರ ಅಕ್ಕನನ್ನು ಆಸ್ಪತ್ರೆಯಿಂದ ಕಳಿಸಿದರು. ಅರಕಲಗೂಡಿನಿಂದ ಬಂದಿದ್ದ ಅವರ ತಮ್ಮ ಜೊತೆಯಲ್ಲಿದ್ದ. ಅಷ್ಟರಲ್ಲಿ ಗೋಡೆ ಇದ್ದ ಜಾಗಕ್ಕೆ ನಾವು ನೀಲಿ ಟಾರ್ಪಾಲು ಕಟ್ಟಿದ್ದೆವು. ಟಾರ್ಪಾಲು ಮರೆಯಾಗುತ್ತದೆ, ಗೋಡೆಯಾಗುವುದಿಲ್ಲ. ಅವರು ನೀರು ಕುಡಿದು ಲೋಟ ಇಟ್ಟರೂ ನಮಗೆ ಕೇಳುತ್ತಿತ್ತು. ಅವತ್ತು ಸಂಜೆ ನಮ್ಮವರು ಆ ಕಡೆಗೆ ಹೋದರು. ನಾನು ಹೋಗಲಿಲ್ಲ. ಟಾರ್ಪಾಲಿನ ಈ ಕಡೆ, ಗುಂಡಿಯ ಅಂಚಿನಲ್ಲಿ ನಿಂತಿದ್ದೆ.

"ಅಕ್ಕ, ಆಫೀಸ್ನೋರು ಬಂದು ಕೇಳ್ತಾರೆ. ಮಳೆಗೆ ಬಿತ್ತು ಅಂದ್ಬುಡಿ. ನಮ್ದು ಒಂದು ದಡ ಹತ್ಲಿ, ಆಮ್ಯಾಲೆ ನಿಮ್ದು ನೋಡಮ."

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಅಕ್ಕ, "ಆಯ್ತು ಬುಡಿ," ಎಂದರು.

ಮಳೆ ಅಂದರೆ ನಿಮಗೆ ಏನೂ ಬರುವುದಿಲ್ಲ ಎಂಬ ಮಾತನ್ನು ನಮ್ಮವರು ಎತ್ತಲಿಲ್ಲ. ಅವರು ಕೆಟ್ಟವರಲ್ಲ. ಕಟ್ಟಿಸಿಕೊಡೋಣ, ನಿಧಾನವಾಗಿ ಏನಾದರೂ ಮಾಡೋಣ ಎಂದೇ ಅವರ ಮನಸ್ಸಿನಲ್ಲಿದ್ದದ್ದು. ನಾನೂ ಅದನ್ನೇ ಹಿಡಿದುಕೊಂಡು ಗುಂಡಿಯ ಪಕ್ಕ ನಿಂತಿದ್ದೆ. ಜೋರು ಬಾಯಿಯವಳು ಎಂದು ಸ್ಕೂಲಿಗೆಲ್ಲ ಹೆಸರಾದವಳು, ಅವತ್ತು ತುಟಿ ಬಿಚ್ಚಲಿಲ್ಲ.

ಮಳೆಗೆ ಬಿತ್ತು ಎಂದು ಅರ್ಜಿ ಹಾಕಿದ್ದಾಯಿತು, ನಷ್ಟ ನೋಡಲು ವಿಮಾ ಕಂಪನಿಯ ಸರ್ವೇಯರ್ ಯಾವಾಗ ಬರುತ್ತಾರೆಂದು ಯಾರೂ ಸರಿಯಾಗಿ ಹೇಳಲಿಲ್ಲ. ಇವತ್ತು ಎಂದರು, ನಾಳೆ ಎಂದರು. ಟಾರ್ಪಾಲಿನ ಆಚೆ ಅಕ್ಕ ಎಡಗೈಯಲ್ಲಿ ತರಕಾರಿ ಹೆಚ್ಚಲು ನೋಡುತ್ತಿದ್ದರು. ಈಳಿಗೆಮಣೆ ಜಾರುವುದು, ಅವರು ಥೂ ಎನ್ನುವುದು, ಮತ್ತೆ ಶುರುಮಾಡುವುದು. ಮೊದಲ ದಿನ ಐದಾರು ಕ್ಯಾರಿಯರ್ ಹೋದವು. ಮರುದಿನ ಎರಡು. ಅದರ ಮರುದಿನ ಬ್ಯಾಂಕಿನ ಜವಾನ ಬಂದು, "ತಪ್ಪು ತಿಳ್ಕಬ್ಯಾಡಿ ಅಮ್ಮ, ಕೈ ಉಸಾರಾಗ್ಲಿ, ಆಮೇಲೆ ನೋಡಮ" ಎಂದು ಖಾಲಿ ಡಬ್ಬಗಳನ್ನು ತಿರುಗಿ ಕೊಟ್ಟುಹೋದ. ನಾನು ಸ್ಕೂಲಿನಲ್ಲಿ ಮಕ್ಕಳ ಮೇಲೆ ಹರಿಹಾಯುತ್ತಿದ್ದೆ. ಒಂದು ದಿನ ಕಾರಣವಿಲ್ಲದೆ ಇಡೀ ಕ್ಲಾಸನ್ನು ಬೆಂಚಿನ ಮೇಲೆ ನಿಲ್ಲಿಸಿದೆ.

"ಹೇಳಿಬಿಡೋಣವಾ?" ಎಂದು ಒಂದು ಸಲ ನಮ್ಮವರನ್ನು ಕೇಳಿದೆ.

"ಹೇಳು. ಆಮ್ಯಾಲೆ ಮಾಳ್ಗೆಗೆ ಸಾಲ ಕೊಟ್ಟಿರೋ ಬ್ಯಾಂಕ್ನೋರ್ಗೆ ನೀನೇ ಉತ್ರ ಕೊಡು," ಎಂದು ಎದ್ದು ಹೋದರು.

ಸರ್ವೇಯರ್ ಹಾಸನದಿಂದ ಬಂದದ್ದು ಮುಂದಿನ ಸೋಮವಾರ, ಬೆಳಿಗ್ಗೆ ಒಂಬತ್ತೂವರೆಗೆ. ನಾನು ಸ್ಕೂಲಿಗೆ ಹೊರಟು ಚಪ್ಪಲಿ ಹಾಕಿಕೊಂಡಿದ್ದೆ, ಬಿಚ್ಚಿಟ್ಟೆ. ತೆಳ್ಳಗಿನ ಮನುಷ್ಯ, ಮಾತು ಮೆತ್ತಗೆ. ಜೋರು ಮಾಡುವವನಾಗಿದ್ದರೆ ನನಗೂ ಜಗಳಕ್ಕೆ ಅನುಕೂಲವಾಗುತ್ತಿತ್ತು. ಅವರು ಟೇಪು ಹಿಡಿದು ಅಳೆದರು, ಮೊಬೈಲಿನಲ್ಲಿ ಫೋಟೋ ತೆಗೆದರು. ಟಾರ್ಪಾಲು ಎತ್ತಿ ಗುಂಡಿಗಳನ್ನು ನೋಡಿದರು. ಮಣ್ಣು ಜಾರಿ ಗುಂಡಿಗಳು ಅರ್ಧ ತುಂಬಿದ್ದವು.

"ಇದು ಏನು ಗುಂಡಿ?"

"ಸಣ್ಣ ರಿಪೇರಿ ಸಾರ್," ಎಂದರು ನಮ್ಮವರು. "ಲೆಟರ್ ಕೊಟ್ಟಿದ್ದೀವಲ್ಲ."

ಏಜೆಂಟ್ ಪಕ್ಕದಲ್ಲೇ ನಿಂತು ತಲೆಯಾಡಿಸಿದ. ಸರ್ವೇಯರ್ ಅಲ್ಲಿಂದ ಅಕ್ಕನ ಮನೆಗೆ ಹೋದರು. ಹಿಂದೆಯೇ ನಾವೂ ಹೋದೆವು. ಅಕ್ಕ ಗೋಡೆಗೆ ಒರಗಿ ಕೂತಿದ್ದರು, ಬಲಗೈ ಜೋಳಿಗೆಯಲ್ಲಿ ತೂಗುಹಾಕಿತ್ತು.

"ಗೋಡೆ ಹೇಗೆ ಬಿತ್ತಮ್ಮ?"

"ಮಳೆ ಸಾ. ಎರಡ್ ದಿನ ಒಂದೇ ಸಮ ಸುರೀತಲ್ಲ."

"ಇವರ ಮನೆ ಕೆಲಸದಿಂದ ಏನಾದರೂ?"

"ಏನಿಲ್ಲ ಸಾ. ಏನೋ ಸಣ್ಣ ರಿಪೇರಿ ಮಾಡಿಸ್ಕಂತಿದ್ರು."

ನನ್ನ ಮುಖ ನೋಡದೆ ಹೇಳಿದರು. ಸರ್ವೇಯರ್ ಅದನ್ನು ಒಂದು ಹಾಳೆಯಲ್ಲಿ ಬರೆದು, ಓದಿ ಹೇಳಿ, ಸಹಿಗೆಂದು ಪೆನ್ನು ಚಾಚಿದರು. ಅಕ್ಕ ತಮ್ಮ ಬಲಗೈ ನೋಡಿಕೊಂಡರು. ಸರ್ವೇಯರ್‌ಗೂ ಆಗ ಹೊಳೆಯಿತು, ಚೀಲ ತಡಕಿ ಹೆಬ್ಬೆಟ್ಟಿನ ಮಸಿಡಬ್ಬಿ ತೆಗೆದರು. ಅಕ್ಕ ಓದಿದವರು. ಅವರ ಸಹಿ ದುಂಡಗೆ, ನನ್ನ ಅಕ್ಷರಕ್ಕಿಂತ ಚೆನ್ನಾಗಿರುತ್ತದೆ. ಅವರು ಎಡಗೈ ಹೆಬ್ಬೆರಳನ್ನು ಮಸಿಯ ಮೇಲೆ ಒತ್ತಿದರು. ಹಾಳೆಯ ಕಡೆಗೆ ತಂದರು.

"ಅಕ್ಕ, ಒತ್ತಬೇಡಿ," ಎಂದೆ.

ನಮ್ಮವರು ನನ್ನ ಕಡೆ ತಿರುಗಿದರು. ಕಣ್ಣಲ್ಲೇ ಬೇಡ ಎಂದರು. ನಾನು ಸರ್ವೇಯರ್‌ಗೆ ಹೇಳಿದೆ. ಹಜಾರ ಪೂರ್ತಿ ಕೆಡವುತ್ತಿದ್ದೀವಿ ಎಂದೆ. ಮೇಲೆ ಮಹಡಿ ಹಾಕುತ್ತಿದ್ದೀವಿ, ಅದು ಪಿಲ್ಲರ್ ಗುಂಡಿ ಎಂದೆ. ನೆನೆದ ಗೋಡೆ, ಒಂದೊಂದೇ ಗುಂಡಿ ತೆಗೆಯೋಣ ಎಂದು ಮೇಸ್ತ್ರಿ ಹೇಳಿದ್ದ, ಹಟ ಮಾಡಿ ಎರಡನ್ನೂ ಒಂದೇ ದಿನ ತೆಗೆಸಿದವಳು ನಾನು ಎಂದೆ. ಬಿದ್ದ ದಿನ ಒಂದು ಹನಿ ಮಳೆ ಇರಲಿಲ್ಲ ಎಂದೆ.

ಸರ್ವೇಯರ್ ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು. "ಇದನ್ನ ಬರೆದುಕೊಡ್ತೀರಾ ಮೇಡಂ? ಬರೆದುಕೊಟ್ಟರೆ ಕಂಪನಿ ನಿಮ್ಮ ಅರ್ಜಿ ಒಪ್ಪಲ್ಲ. ಅದು ಗೊತ್ತಿದೆ ತಾನೆ?"

"ಗೊತ್ತಿದೆ, ಕೊಡಿ," ಎಂದು ಅಲ್ಲೇ ಕೂತು ಬರೆದೆ. ನಮ್ಮವರು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋದರು. ಏಜೆಂಟ್ ಅವರ ಹಿಂದೆ ಓಡಿದ. ಅಕ್ಕ ಮಸಿಯಾದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಕೂತಿದ್ದರು.

ಅರ್ಜಿ ತಿರಸ್ಕಾರವಾಯಿತು. ನಮ್ಮವರು ಹದಿನೈದು ದಿನ ನನ್ನೊಂದಿಗೆ ನೇರವಾಗಿ ಮಾತಾಡಲಿಲ್ಲ. ಕಾಫಿ ಬೇಕಾದರೂ, "ಅವ್ವ, ಕಾಫಿ ಕೊಡಕ್ಕೇಳು" ಎಂದು ಅತ್ತೆಯ ಮೂಲಕ ಬರುತ್ತಿತ್ತು. ಹದಿನಾರನೆಯ ದಿನ ಅವರೇ ಹೋಗಿ ಮೇಸ್ತ್ರಿಯನ್ನು ಕರೆತಂದರು. ಮಹಡಿಗೆಂದು ತಂದಿದ್ದ ಇಟ್ಟಿಗೆ, ಸಿಮೆಂಟು, ಕಂಬಿ ಎಲ್ಲ ಅಕ್ಕನ ಮನೆ ಕಡೆ ಹೋಯಿತು. ಆಷಾಢದಲ್ಲಿ ಕೆಲಸ ಬೇಡವೆಂದು ಅತ್ತೆ ಒಂದೇ ಸಮ ಗೊಣಗಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕನ ಆಸ್ಪತ್ರೆಯ ಖರ್ಚೂ ನಮ್ಮದೇ ಆಯಿತು. ಮಹಡಿಯ ಮಾತು ನಮ್ಮ ಮನೆಯಲ್ಲಿ ನಿಂತುಹೋಯಿತು. ನನಗೆ ಅದು ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ಬೇಸರವಿದೆ, ಬೇಕಾದಷ್ಟಿದೆ.

ಹೊಸ ಅಡುಗೆಮನೆಯಲ್ಲಿ ಹಾಲು ಉಕ್ಕಿಸಿದ ದಿನ ಅಕ್ಕ ನನ್ನೊಬ್ಬಳನ್ನು ಒಳಗೆ ಕರೆದರು. ಕೈ ಜೋಳಿಗೆಯಿಂದ ಇಳಿದಿತ್ತು, ಬೆರಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಕ್ಯಾರಿಯರ್‌ನವರು ಅರ್ಧದಷ್ಟು ಮಂದಿ ವಾಪಸು ಬರುತ್ತೀವಿ ಎಂದಿದ್ದರು.

"ಟೀಚರಮ್ಮ, ಮಳೆ ಅಂದ್ರೆ ನಂಗೆ ಏನೂ ಬರಲ್ಲ ಅಂತ ನಂಗೆ ಮುಂಚೆನೇ ಗೊತ್ತಿತ್ತು. ನನ್ನ ತಮ್ಮ ವಿಚಾರಿಸ್ಕಂಡು ಬಂದು ಹೇಳಿದ್ದ."

"ಗೊತ್ತಿದ್ದೂ ಯಾಕೆ ಅಂದ್ರಿ ಅಕ್ಕ?"

"ನಿಮ್ಮ ಯಜಮಾನ್ರು ಬಂದು ಕೇಳ್ದಾಗ ಟಾರ್ಪಾಲಿನ ಕೆಳಗೆ ನಿಮ್ಮ ಕಾಲು ಕಾಣ್ತಿತ್ತು. ಈಗ ಬತ್ತೀರಿ, ಬ್ಯಾಡ ಅಂತೀರಿ ಅಂತ ಕಾಯ್ತಾ ಇದ್ದೆ. ಬರ್ಲಿಲ್ಲ. ಸರಿ, ಇವ್ರಿಗೆ ಬೇಕಾಗಿರೋದು ಇದೇ ಅಂತ ಆಯ್ತು ಅಂದೆ."

ಹಾಲಿನ ಪಾತ್ರೆಯನ್ನು ಎಡಗೈಯಲ್ಲಿ ಇಳಿಸಲು ಹೋದರು. ನಾನು ಇಳಿಸಿಕೊಟ್ಟೆ. ಕೇಳಬಾರದಿತ್ತು, ಆದರೂ ಕೇಳಿದೆ.

"ಸರ್ವೇಯರ್ ಬಂದ ದಿನವೂ ನಾನು ಸುಮ್ಮನಿದ್ದುಬಿಟ್ಟಿದ್ರೆ?"

"ಏನಾಗ್ತಿತ್ತು? ಏನೂ ಇಲ್ಲ. ದಿನಾ ಮಾತಾಡುಸ್ತಿದ್ದೆ. ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ಕಳುಸ್ತಿದ್ದೆ," ಎಂದರು ಅಕ್ಕ. "ಅದನ್ನ ನುಂಗೋದು ನಿಮ್ಗೆ ಆಗ್ತಿರ್ಲಿಲ್ಲ, ಅಷ್ಟೇಯ."